ಒಪ್ಪಿಕೊಂಡರೆ ಅರ್ಧ ಶಿಕ್ಷೆ

ಅಕ್ಟೋಬರ್ 7, ಸೋಮವಾರ

ಗಂಡ ಕ್ಲೆಲ್‌ನ ಆಕ್ಸಿಜನ್ ಸಿಲಿಂಡರ್ ಬದಲಾಯಿಸಿದ್ದಾಯಿತು. ಬೀನ್ಸ್ ನೆನೆಹಾಕಿದ್ದಾಯಿತು. ಮೊಣಕಾಲು ಎಂದಿನಂತೆ. ಕೋರ್ಟಿಗೆ ಹೋಗುವಾಗ ಸ್ವಲ್ಪ ತಡ. ರೋಂಡಾ ಬಾಗಿಲಲ್ಲೇ ನಿಂತಿದ್ದಳು. "ಏನಮ್ಮಾ ವರ್ಲೀನ್, ನಮ್ಮ ಹುಡುಗ್ರು ತಡವಾಗಿ ಬಂದ್ರೆ ಜೈಲು, ನೀನು ಬಂದ್ರೆ ಕಾಫಿನಾ?" ಅಂತ ಹಲ್ಲು ಕಿರಿದಳು.

ಇವತ್ತಿನಿಂದ ಟ್ರೇನಿಂಗ್. ಮೂರು ವಾರ. ಸಿಕ್ಕಿಬಿದ್ದ ಹುಡುಗರನ್ನು ಜೈಲಿಗೆ ಹಾಕುವ ಬದಲು ಚಟ ಬಿಡಿಸುವ ನಮ್ಮ ಡ್ರಗ್ ಕೋರ್ಟಿನ ಎಲ್ಲರಿಗೂ — ಜಡ್ಜ್ ಹಾಲ್‌ಕಂಬ್, ವಕೀಲರು, ಮೂತ್ರಪರೀಕ್ಷೆಯ ರೋಂಡಾ, ಕೇಸ್ ಮ್ಯಾನೇಜರ್ ಆದ ನಾನು. ಲೆಕ್ಸಿಂಗ್ಟನ್‌ನಿಂದ ಮಿಸ್ ಪ್ರೂಯಿಟ್ ಬಂದಿದ್ದಾಳೆ. ಸಣ್ಣ ಹೆಂಗಸು, ದೊಡ್ಡ ಚೀಲ, ಎಲ್ಲದಕ್ಕೂ ಒಂದು ಸ್ಲೈಡ್. ಊಟದವರೆಗೆ ತೂಕಡಿಸಿದೆ. ಊಟದ ನಂತರ ಅವಳು ಹೇಳಿದ್ದನ್ನು ಕೇಳಿ ನಿದ್ದೆ ಹಾರಿಹೋಯಿತು.

ಈ ಮೂರು ವಾರ ನಾವೂ ನಮ್ಮ ಹುಡುಗರ ಹಾಗೆಯೇ ಬದುಕಬೇಕಂತೆ. ಅವರಿಗಿರುವ ಹಾಗೆ ನಮಗೂ ಒಬ್ಬೊಬ್ಬರಿಗೆ ಒಂದು ಬಣ್ಣ. ಬೆಳಿಗ್ಗೆ ಎದ್ದು ಬಣ್ಣ ಹೇಳುವ ಫೋನ್ ನಂಬರಿಗೆ ಕರೆ ಮಾಡಬೇಕು. ರೆಕಾರ್ಡ್ ಮಾಡಿದ ದನಿ ಯಾವ ಬಣ್ಣ ಹೇಳುತ್ತದೋ ಆ ಬಣ್ಣದವರು ಮಧ್ಯಾಹ್ನದೊಳಗೆ ರೋಂಡಾಳ ಕಪ್ಪಿನಲ್ಲಿ ಮೂತ್ರ ಕೊಡಬೇಕು. ಎಲ್ಲರೂ ನಕ್ಕರು. ಬಣ್ಣದ ಚೀಟಿ ಎತ್ತುವಾಗ ಜಡ್ಜ್‌ಗೆ ಗುಲಾಬಿ ಬಂತು, ಇನ್ನೂ ನಕ್ಕರು. ನನಗೆ ಕಂದು.

ಸರ್ಕಾರಿ ವಕೀಲ ತಮಾಷೆಗೆ ಕೇಳಿದ — ನಮ್ಮಲ್ಲೇ ಯಾರಿಗಾದರೂ ಪಾಸಿಟಿವ್ ಬಂದರೆ? ಜಡ್ಜ್ ನಗುತ್ತಲೇ ಬಾಯಿ ತೆರೆದರು, ಆಮೇಲೆ ನಗಲಿಲ್ಲ. "ಆಗ ಅದು ಟ್ರೇನಿಂಗ್ ಅಲ್ಲ" ಅಂದರು.

ನನ್ನ ಕೈಕಾಲು ತಣ್ಣಗಾಯಿತು. ಇನ್ನೂ ಬೆಚ್ಚಗಾಗಿಲ್ಲ.

ಅಕ್ಟೋಬರ್ 8, ಬೆಳಿಗ್ಗೆ

ಫೋನ್ ಮಾಡಿದೆ. ಹಸಿರು, ಹಳದಿ. ನನ್ನದಲ್ಲ. ಸಿಂಕ್ ಹಿಡಿದುಕೊಂಡು ನಿಂತೆ ಸ್ವಲ್ಪ ಹೊತ್ತು.

ಇಲ್ಲಾದರೂ ಬರೆಯಬೇಕು. ಜೂನ್‌ನಲ್ಲಿ ಅಮ್ಮ ಹೋದಾಗ ಅವಳ ನೋವಿನ ಗುಳಿಗೆಗಳು ಉಳಿದವು. ನರ್ಸ್ ಎಸೆದುಬಿಡಿ ಅಂದಳು. ಎಸೆದೆ ಅಂದೆ. ಎಸೆಯಲಿಲ್ಲ. ಮೊದಲು ಮೊಣಕಾಲಿಗೆ ಅಂತ. ಆಮೇಲೆ ಅಮ್ಮ ನೆನಪಾದಾಗ. ಈಗ... ದಿನಾ ಮಧ್ಯಾಹ್ನ ಅರ್ಧ. ಕೆಲವು ದಿನ ಒಂದು. ನಮ್ಮ ಹುಡುಗರು ಇದೇ ಕಥೆ ಹೇಳಿದಾಗ ನಾನು ತಲೆಯಾಡಿಸುತ್ತಾ ಕೂತಿರುತ್ತೇನೆ. ನಾನು ಅವರ ಹಾಗಲ್ಲ ಅಂತ ಬರೆಯಲು ಹೊರಟಿದ್ದೆ. ಬರೆಯಲಿಲ್ಲ.

ಇವತ್ತಿನಿಂದ ನಿಲ್ಲಿಸುತ್ತೇನೆ. ನಾಲ್ಕು ದಿನ ಬಿಟ್ಟರೆ ಮೂತ್ರದಲ್ಲಿ ಇರುವುದಿಲ್ಲ. ಎಷ್ಟೋ ಜನ ಲೆಕ್ಕ ಹಾಕಿ ಸಿಕ್ಕಿಬೀಳುವುದನ್ನು ನೋಡಿದ್ದೇನೆ. ಲೆಕ್ಕ ನನಗೂ ಗೊತ್ತು.

ಅಕ್ಟೋಬರ್ 10

ಮೈಯೆಲ್ಲ ತುರಿಕೆ. ಮೂಗು ಸೋರುತ್ತಿದೆ. ಕ್ಲೆಲ್ ಜ್ವರವಾ ಅಂತ ಕೇಳಿದ. ಹೌದು ಅಂದೆ. ಪಾಪ, ತನ್ನ ಉಸಿರಿಗೇ ಒದ್ದಾಡುವವನು ಎದ್ದು ನನಗೆ ಸೂಪ್ ಬಿಸಿಮಾಡಿದ. ಗಣಿಯ ದೂಳು ಕುಡಿದ ಶ್ವಾಸಕೋಶ ಅವನದು. ಸಿಲಿಂಡರು, ಡಾಕ್ಟರು, ಔಷಧ ಎಲ್ಲ ನಡೆಯುವುದು ನನ್ನ ಕೆಲಸದ ಇನ್ಶೂರೆನ್ಸ್ ಮೇಲೆ. ನನ್ನ ಕೆಲಸ ಹೋದರೆ ಅವನ ಉಸಿರು ಹೋಗುತ್ತದೆ.

ಬೆಳಿಗ್ಗೆ ಬಣ್ಣ — ನೇರಳೆ. ಬಚಾವ್.

ಅಕ್ಟೋಬರ್ 13, ಭಾನುವಾರ

ತೆಗೆದುಕೊಂಡೆ. ಒಂದು. ಚರ್ಚಿನಿಂದ ಬಂದವಳೇ.

ಅಕ್ಟೋಬರ್ 14, ಸೋಮವಾರ

ಕಂದು.

ಮೂರು ಸಲ ಫೋನ್ ಮಾಡಿದೆ, ದನಿ ಬದಲಾಗುತ್ತದೇನೋ ಎನ್ನುವ ಹಾಗೆ. ಕಂದು, ಕಂದು, ಕಂದು. ಕಾಯಿಲೆ ಅಂತ ಹೇಳಿ ಮನೆಯಲ್ಲಿರಬಹುದಿತ್ತು. ಆದರೆ ಬಾರದಿದ್ದರೆ ಪಾಸಿಟಿವ್ ಅಂತಲೇ ಲೆಕ್ಕ. ಆ ನಿಯಮ ಬರೆದವಳು ನಾನೇ.

ಮಧ್ಯಾಹ್ನ — ಕೊಟ್ಟು ಬಂದೆ. ಕೆಂಡ್ರ ನೇಪಿಯರ್ ಕೂಡ ಕಂದು, ನನ್ನ ಜೊತೆಗೇ ಬಂದಳು. ನನ್ನ ಕೇಸ್‌ಗಳಲ್ಲಿ ಎಲ್ಲರಿಗಿಂತ ಮುಂದಿರುವವಳು. ಏಳು ತಿಂಗಳಿಂದ ಮೆತ್ ಡ್ರಗ್ ಮುಟ್ಟಿಲ್ಲ. ಮಗು ಈಗ ಸರ್ಕಾರ ಗೊತ್ತುಮಾಡಿದ ಬೇರೆ ಮನೆಯಲ್ಲಿದೆ. ವಾಪಸು ಕೊಡುವ ಬಗ್ಗೆ ನವೆಂಬರ್‌ನಲ್ಲಿ ವಿಚಾರಣೆ. "ನೀವೂ ಸಾಲಲ್ಲಿ ನಿಂತ್ಕೊಂಡ್ರಾ?" ಅಂತ ನನ್ನನ್ನು ನೋಡಿ ಬಿದ್ದುಬಿದ್ದು ನಕ್ಕಳು. ಮಗಳಿಗೆ ಎರಡು ಹಲ್ಲು ಬಂದಿವೆಯಂತೆ, ಫೋಟೋ ತೋರಿಸಿದಳು.

ರೋಂಡಾ ಇವತ್ತು ತಮಾಷೆಯಲ್ಲಿದ್ದಳು. ಬೇರೆ ದಿನವಾದರೆ ಒಬ್ಬೊಬ್ಬರನ್ನೇ ಕರೆಯುತ್ತಾಳೆ, ನಿಂತು ನೋಡುತ್ತಾಳೆ, ಲೇಬಲ್ ಅಂಟಿಸಿ ಅದರ ಮೇಲೆ ಅವರದೇ ಸಹಿ ಹಾಕಿಸುತ್ತಾಳೆ. ಇವತ್ತು ಟ್ರೇನಿಂಗಿನ ಗದ್ದಲ. ನಮ್ಮಿಬ್ಬರ ಲೇಬಲ್‌ಗಳನ್ನೂ ಕೌಂಟರ್ ಮೇಲೆ ಜೊತೆಗೇ ಇಟ್ಟು, ಅಂಟಿಸಿಕೊಳ್ಳಿ ಅಂದಳು. ಲೇಬಲ್ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ನನ್ನ ಬೆರಳು ನಡುಗುತ್ತಿದ್ದವು. ಹೇಗೋ ಅಂಟಿಸಿ ಓಡಿಬಂದೆ.

ಲ್ಯಾಬ್‌ನಿಂದ ಎರಡು ದಿನದಲ್ಲಿ ಬರುತ್ತದೆ. ಎರಡು ದಿನ.

ಅಕ್ಟೋಬರ್ 15

ಊಟ ಸೇರುತ್ತಿಲ್ಲ. ಜಡ್ಜ್ ಕಾರಿಡಾರಿನಲ್ಲಿ ಹೆಸರು ಹಿಡಿದು ಕರೆದಾಗ ಜೀವ ಬಾಯಿಗೆ ಬಂತು. ಅವರು ಕೇಳಿದ್ದು ಸ್ಟೇಪ್ಲರ್.

ಟ್ರೇನಿಂಗ್‌ನಲ್ಲಿ ಇವತ್ತು ಪ್ರಾಮಾಣಿಕತೆಯ ಪಾಠ. ಮಿಸ್ ಪ್ರೂಯಿಟ್ ಹೇಳಿದಳು, ತಪ್ಪಿಗಿಂತ ಸುಳ್ಳಿಗೆ ಹೆಚ್ಚು ಶಿಕ್ಷೆ ಇರಬೇಕು, ನಿಜ ಹೇಳಿದವರಿಗೆ ಅರ್ಧ ಸಾಕು, ಇಡೀ ಕೋರ್ಟ್ ಚಪ್ಪಾಳೆ ತಟ್ಟಬೇಕು. ನಾವು ಒಬ್ಬರಿಗೊಬ್ಬರು ಒಪ್ಪಿಕೊಳ್ಳುವ ನಾಟಕ ಆಡಿದೆವು. ನನ್ನ ಸರದಿ ಬಂದಾಗ ನಾನು ಒಂದು ಬಿಯರ್ ಕುಡಿದೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಟೋಬರ್ 16

ನೆಗೆಟಿವ್.

ರೋಂಡಾ ಬಾಗಿಲಿಂದಲೇ ಕೂಗಿದಳು, ವರ್ಲೀನ್ ಕ್ಲೀನಾಗಿದಾಳೆ ಕಣ್ರೋ ಅಂತ. ನಕ್ಕೆ. ಬಾತ್‌ರೂಮಿಗೆ ಹೋಗಿ ಅತ್ತೆ. ಹೇಗೆ? ಕಡಿಮೆ ಇತ್ತಾ? ಕಾಫಿ ಜಾಸ್ತಿ ಕುಡಿದಿದ್ದಕ್ಕಾ? ಕೇಳುವುದು ಬೇಡ. ದೇವರು ಒಂದು ಅವಕಾಶ ಕೊಟ್ಟಿದ್ದಾನೆ. ಮನೆಗೆ ಬಂದು ಗುಳಿಗೆಯ ಬಾಟಲಿ ತೆಗೆದು ಟಾಯ್ಲೆಟ್‌ಗೆ ಸುರಿದೆ. ಎಲ್ಲ. ಕಣ್ಣಾರೆ ನೋಡಿದೆ ಹೋಗುವುದನ್ನು. ಕ್ಲೆಲ್‌ಗೆ ಆಪಲ್ ಪೈ ತಂದೆ, ಏನು ಹಬ್ಬ ಅಂತ ಕೇಳಿದ.

ಅಕ್ಟೋಬರ್ 17, ಗುರುವಾರ

ಕೋರ್ಟ್ ಶುರುವಾಗುವ ಮೊದಲು ನಾವೆಲ್ಲ ಮೇಜಿನ ಸುತ್ತ ಕೂತು ಒಬ್ಬೊಬ್ಬರ ಕೇಸ್ ಮಾತಾಡುತ್ತೇವೆ. ರೋಂಡಾ ಫಲಿತಾಂಶ ಓದುತ್ತಿದ್ದಳು. ಕೆಂಡ್ರ ನೇಪಿಯರ್, ಸೋಮವಾರದ ಕಪ್, ಪಾಸಿಟಿವ್. ನೋವಿನ ಗುಳಿಗೆ.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಕೌಂಟರ್ ಮೇಲಿನ ಎರಡು ಲೇಬಲ್. ನನ್ನ ನಡುಗುವ ಕೈ. ನಾನು ಮೊದಲು ಎತ್ತಿಕೊಂಡೆ, ಉಳಿದದ್ದನ್ನು ಅವಳು ಅಂಟಿಸಿದಳು.

ಎಲ್ಲರೂ ನಿಟ್ಟುಸಿರುಬಿಟ್ಟರು. ಸರ್ಕಾರಿ ವಕೀಲ ಹೇಳಿದ, ಮೆತ್ ಬಿಟ್ಟವರು ಗುಳಿಗೆಗೆ ಹೋಗುವುದು ಹೊಸದೇನಲ್ಲ. ಯಾರೂ ಬೇರೆ ಯೋಚನೆ ಮಾಡಲಿಲ್ಲ. ಯಾಕೆ ಮಾಡುತ್ತಾರೆ? ನಾನು ಬಾಯಿ ತೆರೆದೆ. ನೀರು ಕುಡಿದೆ.

ಕೋರ್ಟಿನಲ್ಲಿ ಕೆಂಡ್ರ ಎದ್ದು ನಿಂತಳು. ಜಡ್ಜ್ ಮೆತ್ತಗೆ ಕೇಳಿದರು, ಹೇಳುವುದು ಏನಾದರೂ ಇದೆಯಾ ಅಂತ. ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮುಖ ಬಿಳಿಚಿಕೊಂಡಿತು. "ನಾನು ತಗೊಂಡಿಲ್ಲ ಸರ್. ನನ್ನ ಮಗಳಾಣೆ, ತಗೊಂಡಿಲ್ಲ."

ಜಡ್ಜ್ ಒಂದು ವಾರ ಕೊಟ್ಟರು. ಅದೇ ಕಪ್ಪನ್ನು ಲ್ಯಾಬ್ ಇನ್ನೊಮ್ಮೆ ನೋಡುತ್ತದೆ. ಆಗಲೂ ಪಾಸಿಟಿವ್ ಬಂದು, ಅವಳು ಆಗಲೂ ಇಲ್ಲ ಅಂದರೆ ಹದಿನಾಲ್ಕು ದಿನ ಜೈಲು, ಚಿಕಿತ್ಸೆ ಮತ್ತೆ ಮೊದಲನೇ ಹಂತದಿಂದ, ಮಗುವಿನ ವಿಚಾರಣೆಗೆ ಅವರ ಬೆಂಬಲ ಇಲ್ಲ. ಒಪ್ಪಿಕೊಂಡರೆ ಬರೀ ಒಂದು ವಾರಾಂತ್ಯ, ವಿಚಾರಣೆಗೆ ಒಳ್ಳೆಯ ಮಾತು.

ಅದೇ ಕಪ್. ನನ್ನ ಕಪ್.

ಅಕ್ಟೋಬರ್ 21, ಸೋಮವಾರ

ಮೂರು ದಿನ ಬರೆಯಲಾಗಲಿಲ್ಲ. ಬರೆದರೆ ನಿಜವಾಗುತ್ತದೆ ಎಂದು.

ಲ್ಯಾಬ್‌ನಿಂದ ಬಂತು. ಖಚಿತ. ಜಡ್ಜ್ ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಿದಾಗ ಸಿಕ್ಕಿಬಿದ್ದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಹಗುರವಾಯಿತು. ಆದರೆ ಅವರು ಕೆಂಡ್ರಳ ಬಗ್ಗೆ ಕೇಳಿದರು. "ಆ ಹುಡುಗಿ ನಿನ್ನ ಮಾತು ಕೇಳ್ತಾಳೆ ವರ್ಲೀನ್. ಹಟ ಮಾಡಿದ್ರೆ ನನ್ನ ಕೈ ಕಟ್ಟಿಹೋಗುತ್ತೆ. ಹೇಗಾದ್ರೂ ಮಾಡಿ ಅವಳ ಬಾಯಿಂದ ನಿಜ ಬರಿಸು."

ಸರಿ ಸರ್ ಅಂದೆ. ಆ ಕುರ್ಚಿಯಲ್ಲಿ ಕೂತು, ಅವರ ಕಣ್ಣು ನೋಡಿಕೊಂಡು, ಸರಿ ಸರ್ ಅಂದೆ. ನನ್ನ ಮೇಲೆ ನನಗೇ ಅಸಹ್ಯ. ಅದಕ್ಕಿಂತ ಹೆಚ್ಚು ಭಯ. ಭಯವೇ ಗೆಲ್ಲುತ್ತಿದೆ ದಿನಾ.

ಅಕ್ಟೋಬರ್ 22

ಕೆಂಡ್ರ ಕೆಲಸ ಮಾಡುವ ಬಿಸ್ಕಿಟ್-ಗ್ರೇವಿ ತಿಂಡಿಯ ಹೋಟೆಲಿಗೆ ಹೋದೆ. ಹಿಂಬಾಗಿಲಲ್ಲಿ ಮಾತಾಡಿದೆವು. ಏಪ್ರನ್ ತುಂಬ ಹಿಟ್ಟು. ಇವತ್ತು ಬೇಕಾದರೆ ಇನ್ನೊಂದು ಕಪ್ ಕೊಡುತ್ತೇನೆ, ಹತ್ತು ಕೊಡುತ್ತೇನೆ ಅಂದಳು. ಈಗ ಕೊಟ್ಟರೆ ಪ್ರಯೋಜನವಿಲ್ಲ, ಗುಳಿಗೆ ನಾಲ್ಕು ದಿನಕ್ಕೆ ಹೋಗಿರುತ್ತದೆ ಅಂದೆ. ಕಲಿಸಿದ ಪಾಠ ಒಪ್ಪಿಸಿದ ಹಾಗೆ ಬಂತು ನನ್ನ ಬಾಯಿಂದ. ಕೋರ್ಟಿಗೆ ನಿನ್ನ ಮೇಲೆ ಕೋಪವಿಲ್ಲ, ಒಪ್ಪಿಕೊಂಡರೆ ಅರ್ಧ, ಮಗುವಿನ ವಿಷಯ ಯೋಚಿಸು ಅಂತೆಲ್ಲ.

ಅವಳು ಕೈಯ ಹಿಟ್ಟನ್ನು ಏಪ್ರನ್‌ಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಮಾಡದೇ ಇರೋದನ್ನ ಮಾಡಿದೆ ಅಂದ್ರೆ ಮಗು ಸಿಗುತ್ತೆ. ಮಾಡಿಲ್ಲ ಅಂದ್ರೆ ಸಿಗಲ್ಲ. ಹಂಗೇ ತಾನೆ?"

ನಿಜ ಹೇಳಿದರೆ ಒಳ್ಳೆಯದು ಅಂದೆ.

"ನೀವು ನಂಬ್ತೀರಾ ನನ್ನ?"

ಇದೊಂದನ್ನು ಕೇಳಬಾರದಿತ್ತು ಅವಳು. ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಕಾರಿಗೆ ಬಂದು ಕೂತಾಗ ನನ್ನ ಕೈಯಲ್ಲೂ ಹಿಟ್ಟು ಮೆತ್ತಿಕೊಂಡಿತ್ತು.

ಅಕ್ಟೋಬರ್ 24, ಗುರುವಾರ, ಸಂಜೆ

ಒಪ್ಪಿಕೊಂಡಳು.

ಎದ್ದು ನಿಂತು, ಎರಡು ಕೈಯಲ್ಲೂ ಅಂಗಿಯ ತುದಿ ಹಿಡಿದುಕೊಂಡು — ಹಲ್ಲುನೋವಿತ್ತು, ಯಾರೋ ಕೊಟ್ಟರು, ತೆಗೆದುಕೊಂಡೆ, ತಪ್ಪಾಯಿತು, ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ಎಲ್ಲಿಂದ ತಂದಳೋ ಹಲ್ಲುನೋವು. ಜಡ್ಜ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದಿನ ಶುಕ್ರವಾರದಿಂದ ಒಂದು ವಾರಾಂತ್ಯ ಜೈಲು ಅಂದರು, ನಿನ್ನ ಬಗ್ಗೆ ಹೆಮ್ಮೆಯಾಗುತ್ತಿದೆ ಅಂದರು. ಇಡೀ ಕೋರ್ಟ್ ಎದ್ದು ಚಪ್ಪಾಳೆ ತಟ್ಟಿತು. ಹಿಂದಿನ ಬೆಂಚಿನ ಹುಡುಗರು ಶಿಳ್ಳೆ ಹಾಕಿದರು. ಮಿಸ್ ಪ್ರೂಯಿಟ್ ಒಂದು ಮೂಲೆಯಲ್ಲಿ ನಿಂತು ಎಲ್ಲ ಗಮನಿಸುತ್ತಿದ್ದಳು, ಅವಳ ಕಣ್ಣೂ ಒದ್ದೆ.

ಹೊರಗೆ ಬಂದಾಗ ನನ್ನ ಕೈ ಹಿಡಿದು ಕುಲುಕಿದಳು ಮಿಸ್ ಪ್ರೂಯಿಟ್. ನಾಳೆ ಸಮಾರೋಪ, ಪಕ್ಕದ ಕೌಂಟಿಗಳಿಂದಲೂ ಜನ ಬರುತ್ತಾರೆ, ಕೆಂಡ್ರ ಮಾತಾಡಲಿ ಅಂದಳು. ಅವಳನ್ನು ಪರಿಚಯಿಸುವವಳು ನಾನು.

ಅಕ್ಟೋಬರ್ 25, ಶುಕ್ರವಾರ

ಪರಿಚಯಿಸಿದೆ. ಏನು ಹೇಳಿದೆನೋ ನೆನಪಿಲ್ಲ.

ಕೆಂಡ್ರ ಮೈಕ್ ಹಿಡಿದು ಚೆನ್ನಾಗಿಯೇ ಮಾತಾಡಿದಳು. ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಯಿತು ಅಂದಳು. ಜನ ಬರೆದುಕೊಂಡರು. ಆಮೇಲೆ ಕಾರಿಡಾರಿನಲ್ಲಿ ನೀರಿನ ನಲ್ಲಿಯ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ನೋಡಿ ಹೆದರಿದೆ. ನಿದ್ದೆ ಮಾಡಿಲ್ಲ ಎಷ್ಟೋ ದಿನದಿಂದ.

"ನಾನೇ ತಗೊಂಡಿರ್ಬೇಕು ಅಲ್ವಾ? ಗೊತ್ತಿಲ್ದೇ? ಲ್ಯಾಬ್ ಎರಡೆರಡು ಸಲ ಸುಳ್ಳು ಹೇಳುತ್ತಾ? ಹಳೇ ದಿನಗಳಲ್ಲಿ ನಾನು ಮಾಡಿದ್ದು ಎಷ್ಟೋ ನನಗೇ ನೆನಪಿರ್ತಿರ್ಲಿಲ್ಲ. ಮತ್ತೆ ಹಂಗೇ ಆಗ್ತಿದ್ರೆ... ಮಗು ನನ್ನ ಹತ್ರ ಇರೋದು ಸರೀನಾ?"

ಆಗ ಹೇಳಬೇಕಿತ್ತು. ಆ ಕ್ಷಣ. ರೋಂಡಾ ಕೇಕ್ ತಟ್ಟೆ ಹಿಡಿದು ಬಂದಳು, ಅಷ್ಟೇ ಸಾಕಾಯಿತು ನನಗೆ ಬಾಯಿ ಮುಚ್ಚಲು. ಕೆಂಡ್ರ ಕೇಕ್ ಬೇಡ ಅಂದು ಹೊರಟುಹೋದಳು.

ಏಳು ತಿಂಗಳು ಶುದ್ಧವಾಗಿದ್ದವಳು ತನ್ನ ತಲೆಯನ್ನೇ ನಂಬದೆ ಹೋದರೆ ಏನು ಮಾಡುತ್ತಾಳೆ ಎಂದು ನನಗೆ ಗೊತ್ತು. ಅಂಥ ಹೆಣಗಳನ್ನು ನೋಡಿದ್ದೇನೆ.

ಅಕ್ಟೋಬರ್ 27, ಭಾನುವಾರ

ಬೆಳಿಗ್ಗೆ ರೋಂಡಾಳ ಫೋನ್. ನಿನ್ನೆ ಕಂದು ಬಣ್ಣ ಬಂದಿತ್ತು, ಕೆಂಡ್ರ ಬರಲಿಲ್ಲ. ಸಮಾರೋಪ ಆದರೂ ಮೂರು ವಾರ ಇನ್ನೂ ಮುಗಿದಿರಲಿಲ್ಲ, ನಾನು ಹೋಗಿ ಕೊಟ್ಟುಬಂದಿದ್ದೆ, ಕ್ಲೀನ್ ಆಗಿರುತ್ತದೆ ಎಂದು ಗೊತ್ತಿದ್ದು. ಅವಳು ಬಂದಳೋ ಇಲ್ಲವೋ ಕೇಳಲೂ ಇಲ್ಲ. ಅವಳು ಫೋನ್ ಎತ್ತುತ್ತಿಲ್ಲ. ಕ್ಲೆಲ್‌ಗೆ ಚರ್ಚ್ ಅಂತ ಹೇಳಿ ಹೊರಟೆ. ದಾರಿಯುದ್ದಕ್ಕೂ ಬದುಕಿರಲಿ, ಬದುಕಿರಲಿ — ಬೇರೆ ಪ್ರಾರ್ಥನೆ ಬರಲಿಲ್ಲ.

ಕೆಂಡ್ರ ತನ್ನ ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬದುಕಿದ್ದಳು. ಪಕ್ಕದಲ್ಲಿ ತಣ್ಣಗಾದ ಕಾಫಿ. ಮುಷ್ಟಿ ಮುಚ್ಚಿತ್ತು. ಕೇಳಿದೆ, ಬಿಚ್ಚಿ ತೋರಿಸಿದಳು. ಸಣ್ಣ ನೀಲಿ ಗುಳಿಗೆ, ಈಗ ಎಲ್ಲೆಡೆ ಸಿಗುವಂಥದು, ಒಳಗೆ ಏನಿರುತ್ತದೋ ಮಾರುವವನಿಗೂ ಗೊತ್ತಿರುವುದಿಲ್ಲ.

"ಬೆಳಿಗ್ಗೆಯಿಂದ ಹಿಡ್ಕೊಂಡಿದೀನಿ," ಅಂದಳು. "ತಗೊಂಡವಳು ಅಂತ ಹೇಗೂ ಆಯ್ತಲ್ಲ."

ಆಗ ಹೇಳಿದೆ. ನಿಂತುಕೊಂಡೇ. ಅಮ್ಮನ ಗುಳಿಗೆ, ಲೇಬಲ್, ನನ್ನ ನೆಗೆಟಿವ್, ಅವಳ ಪಾಸಿಟಿವ್. ಆ ಗುರುವಾರವೇ ನನಗೆ ಗೊತ್ತಿತ್ತು ಎನ್ನುವುದನ್ನೂ. ಹೋಟೆಲಿನ ಹಿಂಬಾಗಿಲಲ್ಲಿ ಗೊತ್ತಿದ್ದೇ ಮಾತಾಡಿದೆ ಎನ್ನುವುದನ್ನೂ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ತಲೆಯೆತ್ತಿ ಕೇಳಿದಳು.

"ಎಲ್ರೂ ಚಪ್ಪಾಳೆ ತಟ್ಟಿದ್ರಲ್ಲ. ನೀನೂ ತಟ್ಟಿದ್ಯಾ?"

ಇದುವರೆಗೆ ನನ್ನನ್ನು ನೀವು ಅನ್ನುತ್ತಿದ್ದವಳು. ಹೌದು ಅಂದೆ. ತಟ್ಟಿದೆ.

ಆ ಗುಳಿಗೆ ಇಲ್ಲಿ ಕೊಡು ಅಂತ ಕೈ ಚಾಚಿದೆ. ನನ್ನ ಕೈ ನೋಡಿದಳು. ಮುಖ ನೋಡಿದಳು.

"ನಿನ್ನ ಕೈಗಾ?"

ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ತಟ್ಟಿದೆ, ಕೂಗಿದೆ. ಆಂಬುಲೆನ್ಸ್ ಕರೆಯಲು ಫೋನ್ ತೆಗೆದಾಗ ಒಳಗೆ ಟಾಯ್ಲೆಟ್ ಫ್ಲಶ್ ಆದ ಸದ್ದು ಕೇಳಿತು. ಆಮೇಲೆ ಕಿಟಕಿಯ ಪರದೆ ಸರಿಸಿ ಖಾಲಿ ಅಂಗೈ ತೋರಿಸಿದಳು. ನಾಳೆ ಬೆಳಿಗ್ಗೆ ಜಡ್ಜ್‌ಗೆ ಹೇಳುತ್ತೇನೆ ಅಂತ ಗಾಜಿನ ಆಚೆಯಿಂದ ಹೇಳಿದೆ. ಪರದೆ ಎಳೆದುಬಿಟ್ಟಳು. ಅವಳ ಅಕ್ಕನಿಗೆ ಫೋನ್ ಮಾಡಿ, ಅಕ್ಕ ಬರುವವರೆಗೂ ಕಾರಿನಲ್ಲೇ ಕೂತಿದ್ದು ವಾಪಸು ಬಂದೆ.

ಅಕ್ಟೋಬರ್ 28, ಸೋಮವಾರ, ಬೆಳಿಗ್ಗೆ 7.40

ಜಡ್ಜ್ ಕೋಣೆಯ ಹೊರಗಿನ ಬೆಂಚು. ನಮ್ಮ ಹುಡುಗರು ಕೂರುವ ಬೆಂಚು ಇದು. ಕೂತರೆ ಕಾಲು ಪೂರ್ತಿ ನೆಲ ಮುಟ್ಟುವುದಿಲ್ಲ, ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಕ್ಲೆಲ್‌ಗೆ ಹೇಳಿಲ್ಲ. ಬೆಳಿಗ್ಗೆ ಸಿಲಿಂಡರ್ ಬದಲಾಯಿಸುವಾಗ ಹೇಳಬೇಕೆಂದುಕೊಂಡೆ. ಹೊಸ ನಳಿಕೆ ಚೆನ್ನಾಗಿದೆ, ಉಸಿರು ಸಲೀಸಾಗುತ್ತಿದೆ ಅಂದ. ಆಮೇಲೆ ಹೇಗೆ ಹೇಳುವುದು? ಎದ್ದು ಓಡಿಹೋಗಬಹುದು ಈಗಲೂ. ಕಾರಿನ ಕೀ ಕೈಯಲ್ಲೇ ಇದೆ. ಕೆಂಡ್ರ ಸುಮ್ಮನಿರಬಹುದು, ಅವಳಿಗೆ ಒಂದೇ ವಾರಾಂತ್ಯ... ಏನು ಬರೆಯುತ್ತಿದ್ದೇನೆ ನಾನು.

ಫೋನ್ ಮಿಣುಕಿತು. ಕೆಂಡ್ರ. ಒಂದೇ ಮಾತು — ಹೇಳಿದ್ಯಾ?

ಇನ್ನೂ ಇಲ್ಲ.

ಜಡ್ಜ್ ಬಂದರು. ಬಗಲಲ್ಲಿ ಟ್ರೇನಿಂಗ್ ಸರ್ಟಿಫಿಕೇಟ್‌ಗಳ ಕಟ್ಟು. ಏನು ವರ್ಲೀನ್ ಇಷ್ಟು ಬೇಗ, ಒಳಗೆ ಬಾ ಅಂದರು. ದೀಪ ಹಾಕುತ್ತಿದ್ದಾರೆ. ಪುಸ್ತಕ ಮುಚ್ಚಬೇಕು. ಒಳಗೆ ಹೋಗಿ ಗುಡ್ ಮಾರ್ನಿಂಗ್ ಹೇಳಬಾರದು, ಕೂರಬಾರದು, ಕೂತರೆ ಧೈರ್ಯ ಹೋಗುತ್ತದೆ. ಬಾಗಿಲಲ್ಲೇ ನಿಂತು ಹೇಳಬೇಕು — ಕೆಂಡ್ರ ಏನೂ ತೆಗೆದುಕೊಂಡಿಲ್ಲ ಸರ್, ತೆಗೆದುಕೊಂಡದ್ದು